ಡಿವಿಡಿ ದೃಶ್ಯಗಳ ಸಂಕಲನ: ಕತ್ತರಿಗೆ ಮುನ್ನ ಮಾಡಬೇಕಾದ ಕೆಲಸ

ಹಳೆಯ ಕಾವ್ಯವನ್ನು ಪರಿಷ್ಕರಿಸಿ ಅಚ್ಚಿಗೆ ಅಣಿಗೊಳಿಸುವ ಕೆಲಸಕ್ಕೆ ಕನ್ನಡದಲ್ಲಿ ಸಂಪಾದನೆ ಎಂದೂ, ಚಲನಚಿತ್ರದ ತುಣುಕುಗಳನ್ನು ಕತ್ತರಿಸಿ ಜೋಡಿಸುವ ಕೆಲಸಕ್ಕೆ ಸಂಕಲನ ಎಂದೂ ಹೆಸರು. ಮರಾಠಿಯಲ್ಲಿಯೂ ಇದೇ ಭೇದವಿದೆ. ಇಂಗ್ಲಿಷಿನಲ್ಲಿ ಮಾತ್ರ ಎರಡಕ್ಕೂ ‘ಎಡಿಟಿಂಗ್’ ಎಂಬ ಒಂದೇ ಪದ ಸಲ್ಲುತ್ತದೆ. ಈ ಎರಡು ಕೆಲಸಗಳು ಒಂದು ಹಂತದವರೆಗೆ ನಿಜವಾಗಿಯೂ ಒಂದೇ. ಓಲೆಗರಿಯ ಪ್ರತಿ ಕೈಗೆ ಬಂದೊಡನೆ ಸಂಪಾದಕನು ತಿದ್ದಲು ತೊಡಗುವುದಿಲ್ಲ. ಅದು ಯಾವ ಕಾಲದ್ದು, ಯಾವ ಮೂಲದಿಂದ ಇಳಿದದ್ದು, ಲಿಪಿಕಾರನ ಕೈಯಲ್ಲಿ ಏನೇನು ಬದಲಾಗಿದೆ ಎಂದು ಮೊದಲು ನೋಡುತ್ತಾನೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಪಠ್ಯವಾಗಿ ಓದುವ ವಿದ್ಯಾರ್ಥಿಗಳಿಗೆ ಈ ಶಿಸ್ತು ಹೊಸದಲ್ಲ. ಡಿವಿಡಿಯಲ್ಲಿರುವ ದೃಶ್ಯವನ್ನು ಸಂಕಲನಕ್ಕೆ ಸಿದ್ಧಪಡಿಸುವಾಗಲೂ ಬೇಕಾದದ್ದು ಇದೇ ಶಿಸ್ತು.

ಇದರ ಅಗತ್ಯ ಇಂದು ಹೆಚ್ಚಾಗಿದೆ. ಕಾದಂಬರಿ ಮತ್ತು ಅದರ ಚಲನಚಿತ್ರ ರೂಪವನ್ನು ಹೋಲಿಸುವ ಪ್ರಬಂಧಕ್ಕೆ ವಿದ್ಯಾರ್ಥಿಗಳು ಎರಡು ಮೂರು ನಿಮಿಷಗಳ ದೃಶ್ಯತುಣುಕುಗಳನ್ನು ಜೋಡಿಸುತ್ತಾರೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಕ್ಯಾಸೆಟ್ ಯುಗ ಮುಗಿದು ಮೊಬೈಲ್ ಯುಗ ಆರಂಭವಾಗುವ ನಡುವಿನ ಒಂದು ದಶಕಕ್ಕೂ ಹೆಚ್ಚು ಕಾಲ ಊರಿನ ಜಾತ್ರೆ, ಬಯಲಾಟ, ಯಕ್ಷಗಾನ, ಭಜನೆ, ಉಪನ್ಯಾಸಗಳು ದಾಖಲಾದದ್ದು ಬಹುಮಟ್ಟಿಗೆ ಡಿವಿಡಿಗಳಲ್ಲಿ. ಗಡಿಯಾಚೆಯ ಕನ್ನಡದ ಮಾತುಕತೆಗೆ, ಅದರ ಆಯಾ ಊರಿನ ಉಚ್ಚಾರಕ್ಕೆ ಇಂಥ ಡಿಸ್ಕ್‌ಗಳೇ ಕೆಲವೆಡೆ ಏಕೈಕ ಸಾಕ್ಷಿ. ಅವುಗಳನ್ನು ಅವಸರದಲ್ಲಿ ಪರಿವರ್ತಿಸಿ, ಮೂಲವನ್ನು ಕಳೆದುಕೊಂಡರೆ ನಷ್ಟ ತುಂಬಿಬಾರದು. ಆದ್ದರಿಂದ ಇಲ್ಲಿ ವಿವರಿಸುವ ಕ್ರಮಕ್ಕೆ ಒಂದೇ ಸೂತ್ರ: ದೃಶ್ಯದ ಮೂಲ ಸ್ವರೂಪವನ್ನು ಮೊದಲು ಅರಿಯಬೇಕು, ಹಿಂದಿರುಗಿಸಲಾಗದ ಬದಲಾವಣೆಯನ್ನು ಅದಕ್ಕೆ ಮೊದಲು ಮಾಡಬಾರದು.

ಡಿಸ್ಕಿನೊಳಗಿನ ರಚನೆ

ಡಿವಿಡಿ 1996ರಲ್ಲಿ ಜಪಾನಿನಲ್ಲಿ ಮೊದಲು ಮಾರುಕಟ್ಟೆಗೆ ಬಂತು. ಒಂದು ಪದರದ ಡಿಸ್ಕಿನಲ್ಲಿ 4.7 ಜಿಬಿ, ಎರಡು ಪದರದ್ದರಲ್ಲಿ 8.5 ಜಿಬಿ ಹಿಡಿಯುತ್ತದೆ. ದೃಶ್ಯವು ಎಂಪೆಗ್-2 ಎಂಬ ಸಂಕ್ಷೇಪಣ ವಿಧಾನದಲ್ಲಿರುತ್ತದೆ. ಅಳತೆಗಳಲ್ಲಿ ಎರಡು ಪಂಥಗಳು. ಭಾರತ ಮತ್ತು ಯುರೋಪಿನ ಬಹುತೇಕ ದೇಶಗಳ ದೂರದರ್ಶನ ಪದ್ಧತಿಯಾದ ಪಾಲ್‌ನಲ್ಲಿ ಚಿತ್ರದ ಅಗಲ 720 ಬಿಂದು, ಎತ್ತರ 576 ಸಾಲು. ಸೆಕೆಂಡಿಗೆ 25 ಚೌಕಟ್ಟು. ಅಮೆರಿಕ, ಜಪಾನುಗಳ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 720 ಬಿಂದು, 480 ಸಾಲು, ಸೆಕೆಂಡಿಗೆ 29.97 ಚೌಕಟ್ಟು. ಭಾರತದಲ್ಲಿ ಮಾರಾಟವಾದ ಚಲನಚಿತ್ರಗಳ ಡಿವಿಡಿಗಳಲ್ಲಿ ಎನ್‌ಟಿಎಸ್‌ಸಿ ಕ್ರಮದವೂ ಇವೆ. ಆದ್ದರಿಂದ ಕನ್ನಡ ಚಿತ್ರವೆಂದೊಡನೆ ಪಾಲ್ ಎಂದು ಊಹಿಸಲಾಗದು.

ಪಾಲ್ ದೃಶ್ಯವನ್ನು ಸಂಕ್ಷೇಪಿಸದೆ ಇಟ್ಟರೆ ಸೆಕೆಂಡಿಗೆ ಸುಮಾರು 124 ಮೆಗಾಬಿಟ್ ಬೇಕಾಗುತ್ತದೆ. ಡಿವಿಡಿಯಲ್ಲಿ ದೃಶ್ಯಕ್ಕೆ ಸಿಗುವ ಗರಿಷ್ಠ ಪ್ರಮಾಣ 9.8 ಮೆಗಾಬಿಟ್, ರೂಢಿಯಲ್ಲಿ ಐದರ ಆಸುಪಾಸು. ಇಷ್ಟು ಉಳಿತಾಯಕ್ಕೆ ಎಂಪೆಗ್-2 ಬಳಸುವ ಉಪಾಯ ಸರಳ. ಹಳೆಯ ದಫ್ತರಗಳಲ್ಲಿ ಹೆಸರನ್ನು ಒಮ್ಮೆ ಪೂರ್ತಿ ಬರೆದು ಮುಂದೆಲ್ಲ ‘ಸದರಿ’ ಎಂದು ಬರೆಯುವಂತೆ, ಒಂದು ಚೌಕಟ್ಟನ್ನು ಪೂರ್ಣವಾಗಿ ಬರೆದು, ನಂತರದ ಚೌಕಟ್ಟುಗಳಲ್ಲಿ ಬದಲಾದುದನ್ನು ಮಾತ್ರ ಬರೆಯಲಾಗುತ್ತದೆ. ಪಾಲ್ ಡಿವಿಡಿಯಲ್ಲಿ ಇಂಥ ಒಂದು ಗುಂಪಿನಲ್ಲಿ ಹೆಚ್ಚೆಂದರೆ 15 ಚೌಕಟ್ಟು, ಎನ್‌ಟಿಎಸ್‌ಸಿಯಲ್ಲಿ 18. ಎರಡೂ ಸುಮಾರು 0.6 ಸೆಕೆಂಡು. ಗುಂಪಿನ ನಡುವೆ ಕತ್ತರಿಸಿದರೆ ‘ಸದರಿ’ ಉಳಿದು ಹೆಸರು ಹೋದಂತೆ. ಡಿವಿಡಿಯ ಕಡತವನ್ನು ನೇರವಾಗಿ ಸಂಕಲನ ತಂತ್ರಾಂಶಕ್ಕೆ ಹಾಕಿದಾಗ ಚಿತ್ರ ತಡೆದು ತಡೆದು ಓಡುವುದಕ್ಕೆ, ಕತ್ತರಿಸಿದ ಸ್ಥಳ ಜಾರುವುದಕ್ಕೆ ಇದು ಮುಖ್ಯ ಕಾರಣ.

ಡಿಸ್ಕನ್ನು ಗಣಕದಲ್ಲಿ ತೆರೆದರೆ ‘ವಿಡಿಯೊ ಟಿಎಸ್’ ಎಂಬ ಕೋಶ ಕಾಣುತ್ತದೆ. ಅದರಲ್ಲಿ ಮೂರು ಬಗೆಯ ಕಡತಗಳು. ವಿಒಬಿ ಕಡತಗಳಲ್ಲಿ ದೃಶ್ಯ, ಧ್ವನಿ, ಅಡಿಬರಹಗಳು ಇರುತ್ತವೆ. ಐಎಫ್‌ಒ ಕಡತಗಳಲ್ಲಿ ಯಾವ ಭಾಗ ಯಾವ ಅನುಕ್ರಮದಲ್ಲಿ ಓಡಬೇಕೆಂಬ ಸೂಚನೆಯಿರುತ್ತದೆ. ಬಿಯುಪಿ ಎಂಬುವು ಐಎಫ್‌ಒಗಳ ಆಪದ್ಧರ್ಮದ ಪ್ರತಿಗಳು. ಒಂದು ವಿಒಬಿ 1 ಜಿಬಿ ಮೀರುವಂತಿಲ್ಲ. ಆದ್ದರಿಂದ ಎರಡು ಗಂಟೆಯ ನಾಟಕ ನಾಲ್ಕೈದು ಕಡತಗಳಾಗಿ ಒಡೆದಿರುತ್ತದೆ. ಈ ಒಡಕು ಗಾತ್ರವನ್ನು ಅನುಸರಿಸಿದ್ದೇ ಹೊರತು ಅಂಕವನ್ನಾಗಲಿ ಮಾತನ್ನಾಗಲಿ ಅನುಸರಿಸಿದ್ದಲ್ಲ. ಕಡತಗಳನ್ನು ಬಿಡಿಬಿಡಿಯಾಗಿ ತೆಗೆದುಕೊಂಡರೆ ಸೇರುವ ಜಾಗದಲ್ಲಿ ಧ್ವನಿ ತುಂಡಾಗುತ್ತದೆ. ಐಎಫ್‌ಒ ಹೇಳುವ ಅನುಕ್ರಮದಲ್ಲಿಯೇ ಒಂದಾಗಿ ಜೋಡಿಸಬೇಕು.

ಮೊದಲ ಹೆಜ್ಜೆ: ಯಥಾಪ್ರತಿ

ಡಿಸ್ಕಿನ ತಳ ನೋಡಿದರೆ ಅದರ ಜಾತಿ ತಿಳಿಯುತ್ತದೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಚಲನಚಿತ್ರದ ಡಿಸ್ಕು ಬೆಳ್ಳಿಯಂತಿರುತ್ತದೆ. ಗಣಕದಲ್ಲಿ ಬರೆದದ್ದು ಸಾಮಾನ್ಯವಾಗಿ ನೇರಳೆ ಛಾಯೆಯದು. ಈ ಎರಡನೆಯ ಬಗೆಯಲ್ಲಿ ಮಾಹಿತಿ ನಿಂತಿರುವುದು ಒಂದು ಸಾವಯವ ಬಣ್ಣದ ಪದರದ ಮೇಲೆ. ಬಿಸಿಲು, ಉಷ್ಣ, ತೇವಗಳಿಂದ ಅದು ಕೆಡುತ್ತದೆ. ಮೇಲೆ ಅಂಟಿಸಿದ ಕಾಗದದ ಚೀಟಿ ಡಿಸ್ಕಿನ ಸಮತೂಕ ಕೆಡಿಸುತ್ತದೆ. ಕಿತ್ತರೆ ಪದರವೇ ಏಳಬಹುದು. ಆದ್ದರಿಂದ ಅಚ್ಚೊತ್ತಿದ ಡಿಸ್ಕು ಕಾಯಬಹುದು, ಬರೆದ ಡಿಸ್ಕು ಕಾಯಲಾರದು ಎಂದು ತಿಳಿದು ಕೆಲಸದ ಸರದಿ ಹಾಕಬೇಕು.

ಬರೆದ ಡಿಸ್ಕನ್ನು ಕೈಗೆತ್ತಿಕೊಂಡಾಗ ಮೊದಲು ಇಡೀ ಡಿಸ್ಕಿನ ಯಥಾಪ್ರತಿಯನ್ನು, ಅಂದರೆ ಐಎಸ್‌ಒ ಎಂಬ ಒಂದೇ ಕಡತದ ರೂಪದ ಪಡಿಯಚ್ಚನ್ನು, ತೆಗೆದಿಡಬೇಕು. ಗೀರು ಬಿದ್ದ ಡಿಸ್ಕಾದರೆ ‘ಡಿಡಿರೆಸ್ಕ್ಯೂ’ ಎಂಬ ಉಚಿತ ಸಾಧನ ನೆರವಾಗುತ್ತದೆ. ಅದು ಓದಲು ಸುಲಭವಾದ ಭಾಗವನ್ನು ಮೊದಲು ತೆಗೆದು, ಕಷ್ಟದ ಭಾಗಕ್ಕೆ ಮತ್ತೆ ಮತ್ತೆ ಮರಳುತ್ತದೆ. ಬೇರೊಂದು ಡ್ರೈವಿನಲ್ಲಿ ಮುಂದುವರಿಸಲೂ ಬರುತ್ತದೆ. 8 ಸೆಂಟಿಮೀಟರಿನ ಚಿಕ್ಕ ಡಿಸ್ಕು ಬಳಸುತ್ತಿದ್ದ ಕೈಕ್ಯಾಮೆರಾಗಳದು ಇನ್ನೊಂದು ಸಮಸ್ಯೆ. ಚಿತ್ರೀಕರಣದ ಬಳಿಕ ‘ಫೈನಲೈಸ್’ ಮಾಡದಿದ್ದರೆ ಆ ಡಿಸ್ಕು ಗಣಕದಲ್ಲಿ ಖಾಲಿಯೆಂದು ತೋರಬಹುದು. ಖಾಲಿಯೆಂದು ಎಸೆಯುವ ಮುನ್ನ ಅದೇ ಬಗೆಯ ಕ್ಯಾಮೆರಾದಲ್ಲಿ ಹಾಕಿ ನೋಡುವುದು ಕ್ಷೇಮ.

ಯಥಾಪ್ರತಿಯಿಂದ ದೃಶ್ಯವನ್ನು ಹೊರತೆಗೆಯುವಾಗ ಮರುಸಂಕ್ಷೇಪಣ ಆಗಕೂಡದು. ‘ಮೇಕ್‌ಎಂಕೆವಿ’ಯಂಥ ಸಾಧನಗಳು ಎಂಪೆಗ್-2 ದೃಶ್ಯವನ್ನೂ ಧ್ವನಿಯನ್ನೂ ಒಂದಕ್ಷರ ಬದಲಿಸದೆ ಒಂದೇ ಕಡತದ ಹೊದಿಕೆಗೆ ವರ್ಗಾಯಿಸುತ್ತವೆ. ‘ಎಂಪಿ4 ಮಾಡಿಕೊಡುವ’ ಸಾಧನಗಳು ಹಾಗಲ್ಲ. ಅವು ಪ್ರತಿಯನ್ನು ಮತ್ತೊಬ್ಬ ಲಿಪಿಕಾರನ ಕೈಗೆ ಕೊಟ್ಟಂತೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ದೃಶ್ಯವು ಇನ್ನೂ ಕೆಳಗಿನ ಪೀಳಿಗೆಯದು. ಅಂಥ ಪ್ರತಿಯಿಂದ ಸಂಕಲನ ಆರಂಭಿಸಬಾರದು.

ಹೆಣೆದ ಚಿತ್ರ

ಈಗ ವಿಷಯದ ತಿರುಳಿಗೆ ಬರಬಹುದು. ದೂರದರ್ಶನದ ಆರಂಭದ ದಿನಗಳಲ್ಲಿ ಸೆಕೆಂಡಿಗೆ 25 ಪೂರ್ಣ ಚಿತ್ರ ತೋರಿಸಿದರೆ ಪರದೆ ಮಿನುಗುತ್ತಿತ್ತು; 50 ಚಿತ್ರ ಕಳಿಸಲು ಪ್ರಸಾರದ ಅಲೆಯಲ್ಲಿ ಸ್ಥಳ ಸಾಲುತ್ತಿರಲಿಲ್ಲ. ಪ್ರತಿ ಚಿತ್ರವನ್ನು ಎರಡು ಅರ್ಧಗಳಾಗಿ ಸೀಳಿದ್ದು ಇದಕ್ಕೆ ಕಂಡುಕೊಂಡ ಪರಿಹಾರ. ಮೊದಲು ಬೆಸ ಸಾಲುಗಳು, ಬಳಿಕ ಸಮ ಸಾಲುಗಳು. ಈ ಅರ್ಧಚಿತ್ರಕ್ಕೆ ಫೀಲ್ಡ್ ಎಂದು ಹೆಸರು. ಸೊಲ್ಲಾಪುರದ ಮಗ್ಗಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾದಾ ನೇಯ್ಗೆಯಲ್ಲಿ ಹಾಸಿನ ಬೆಸ ಎಳೆಗಳು ಒಮ್ಮೆ, ಸಮ ಎಳೆಗಳು ಒಮ್ಮೆ ಏಳುವಂತೆ ಇಲ್ಲಿ ಸಾಲುಗಳು ಸರದಿಯಲ್ಲಿ ಬರುತ್ತವೆ.

ಮುಖ್ಯವಾದ ಮಾತೆಂದರೆ, ವಿಡಿಯೊ ಕ್ಯಾಮೆರಾ ಈ ಎರಡು ಅರ್ಧಗಳನ್ನು ಒಂದೇ ಕ್ಷಣದಲ್ಲಿ ಹಿಡಿಯುವುದಿಲ್ಲ. ಪಾಲ್ ಕ್ಯಾಮೆರಾದಲ್ಲಿ ಅವುಗಳ ನಡುವೆ ಸೆಕೆಂಡಿನ 50ನೆಯ ಒಂದು ಭಾಗದ ಅಂತರವಿರುತ್ತದೆ. ತೆಂಕುತಿಟ್ಟಿನ ವೇಷಧಾರಿ ಧಿಗಿಣ ಹಾಕುವಾಗ ಬೆಸ ಸಾಲುಗಳಲ್ಲಿ ಅವನ ತೋಳು ಒಂದೆಡೆ ಇದ್ದರೆ ಸಮ ಸಾಲುಗಳಲ್ಲಿ ಅದು ಮುಂದಕ್ಕೆ ಸರಿದಿರುತ್ತದೆ. ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯ ನಂದಿಧ್ವಜ ತೂಗುವಾಗ ಅದರ ಅಂಚಿನದೂ ಅದೇ ಗತಿ. ಹಳೆಯ ದೂರದರ್ಶನ ಪೆಟ್ಟಿಗೆಯಲ್ಲಿ ಎರಡು ಅರ್ಧಗಳು ಒಂದರ ಬಳಿಕ ಒಂದು ಬಂದು ಚಲನೆ ನುಣುಪಾಗಿ ಕಾಣುತ್ತಿತ್ತು. ಗಣಕದ ಪರದೆ ಎರಡನ್ನೂ ಒಟ್ಟಿಗೆ ತೋರಿಸುತ್ತದೆ; ಆಗ ಚಲಿಸುವ ವಸ್ತುವಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ.

ಈ ಹಲ್ಲುಗಳನ್ನು ದೋಷವೆಂದು ಭಾವಿಸಿ ಅಳಿಸಲು ಹೊರಡುವುದು ಸಾಮಾನ್ಯ. ಅವು ದೋಷವಲ್ಲ, ಎರಡು ಕ್ಷಣಗಳು ಒಂದೇ ಚೌಕಟ್ಟಿನಲ್ಲಿ ಇವೆ ಎಂಬುದರ ಗುರುತು. ಅವನ್ನು ಬೇರ್ಪಡಿಸಬೇಕೇ, ಕೂಡಿಸಬೇಕೇ ಎಂಬುದು ಮೂಲವನ್ನು ಅವಲಂಬಿಸಿದೆ.

ನಾಲ್ಕು ಬಗೆಯ ಮೂಲಗಳು

ಮೊದಲನೆಯದು ವಿಡಿಯೊ ಕ್ಯಾಮೆರಾದಲ್ಲಿಯೇ ಚಿತ್ರಿಸಿದ್ದು. ಜಾತ್ರೆ, ಬಯಲಾಟ, ಮದುವೆ, ಸಭೆ, ದೂರದರ್ಶನದ ಚರ್ಚೆ ಬಹುತೇಕ ಈ ಗುಂಪಿನವು. ಇಲ್ಲಿ ಪ್ರತಿ ಸೆಕೆಂಡಿಗೆ 50 ಬೇರೆ ಬೇರೆ ಕ್ಷಣಗಳಿವೆ.

ಎರಡನೆಯದು ಪಾಲ್ ಕ್ರಮದ ಚಲನಚಿತ್ರ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟಿನದು. ಪಾಲ್‌ಗೆ ತರುವಾಗ ಅದನ್ನು 25ರ ವೇಗದಲ್ಲಿ ಓಡಿಸಿಬಿಡುವುದು ರೂಢಿ. 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. ಇಲ್ಲಿ ಎರಡು ಅರ್ಧಗಳೂ ಒಂದೇ ಫಿಲ್ಮ್ ಚೌಕಟ್ಟಿನಿಂದ ಬಂದವು. ಸೀಳಿದ್ದರೂ ಅವು ಒಂದೇ ಕ್ಷಣಕ್ಕೆ ಸೇರಿದವು. ಕೆಲವು ಡಿಸ್ಕುಗಳಲ್ಲಿ ಅರ್ಧಗಳು ಒಂದು ಹೆಜ್ಜೆ ಜಾರಿ, ಒಂದು ಚೌಕಟ್ಟಿನ ಅರ್ಧ ಮುಂದಿನದರ ಅರ್ಧದೊಡನೆ ಕೂಡಿರುತ್ತದೆ. ಸರಿಯಾದ ಜೋಡಿಯನ್ನು ಹೊಂದಿಸಿದರೆ ಮೂಲ ಚೌಕಟ್ಟು ಪೂರ್ತಿಯಾಗಿ ಮರಳುತ್ತದೆ.

ಮೂರನೆಯದು ಎನ್‌ಟಿಎಸ್‌ಸಿ ಕ್ರಮದ ಚಲನಚಿತ್ರ. 24ನ್ನು ಸುಮಾರು 30 ಮಾಡಲು ಒಂದು ಫಿಲ್ಮ್ ಚೌಕಟ್ಟಿನಿಂದ ಎರಡು ಅರ್ಧ, ಮುಂದಿನದರಿಂದ ಮೂರು ಅರ್ಧ ಎಂಬ ಕ್ರಮದಲ್ಲಿ ಅರ್ಧಗಳನ್ನು ತೆಗೆಯಲಾಗುತ್ತದೆ. ನಾಲ್ಕು ಫಿಲ್ಮ್ ಚೌಕಟ್ಟಿನಿಂದ ಹತ್ತು ಅರ್ಧ, ಅಂದರೆ ಐದು ವಿಡಿಯೊ ಚೌಕಟ್ಟು ಹುಟ್ಟುತ್ತವೆ. ಅವುಗಳಲ್ಲಿ ಮೂರು ಶುದ್ಧ, ಎರಡು ಮಿಶ್ರ. ಛಂದಸ್ಸಿನ ಗಣವಿನ್ಯಾಸದಂತೆ ಈ ಲಯ ನಿಯತವಾಗಿ ಮರಳುತ್ತದೆ. ಆದ್ದರಿಂದಲೇ ಅದನ್ನು ಬಿಡಿಸಿ ಮೂಲದ 24ಕ್ಕೆ ಮರಳಿಸಲು ಸಾಧ್ಯ. ಕೆಲವು ಡಿಸ್ಕುಗಳಲ್ಲಿ 24 ಚೌಕಟ್ಟುಗಳನ್ನೇ ಬರೆದು, ‘ಇದನ್ನು ಮತ್ತೆ ತೋರಿಸು’ ಎಂಬ ಚಿಹ್ನೆಯನ್ನು ಮಾತ್ರ ಇಟ್ಟಿರುತ್ತಾರೆ. ಅಲ್ಲಿ ಚಿಹ್ನೆಯನ್ನು ಕಡೆಗಣಿಸಿದರೆ ಕೆಲಸ ಮುಗಿಯಿತು.

ನಾಲ್ಕನೆಯದು ಸಂಕರ. ಪಾಲ್‌ನಿಂದ ಎನ್‌ಟಿಎಸ್‌ಸಿಗೆ ಇಲ್ಲವೇ ಅದರಿಂದ ಇದಕ್ಕೆ ಪರಿವರ್ತಿಸುವಾಗ ಎರಡು ಕ್ಷಣಗಳನ್ನು ನೀರಿನಂತೆ ಬೆರೆಸಿಬಿಟ್ಟದ್ದು. ಒಂದರ ಮೇಲೊಂದು ಪಾರದರ್ಶಕ ನೆರಳುಗಳು ಕಾಣುತ್ತವೆ. ಇದು ಶಿಥಿಲವಾದ ಓಲೆಯಂತೆ. ಕೆಲವು ಭಾಗ ಚೇತರಿಸಿಕೊಂಡೀತು, ಪೂರ್ತಿ ಅಲ್ಲ. ಬೇರೆ ಪ್ರತಿ ದೊರೆಯುತ್ತದೆಯೇ ಎಂದು ಹುಡುಕುವುದು ಲೇಸು.

ಗುರುತಿಸುವ ಬಗೆ

ಡಿಸ್ಕಿನ ಮೇಲಿನ ಬರಹವನ್ನಾಗಲಿ, ‘ಮೀಡಿಯಾಇನ್ಫೊ’ ತೋರಿಸುವ ವಿವರವನ್ನಾಗಲಿ ಪೂರ್ತಿ ನಂಬಲಾಗದು. ಚಲನಚಿತ್ರದ ಪಾಲ್ ಡಿಸ್ಕುಗಳು ಒಳಗೆ ಅಖಂಡ ಚೌಕಟ್ಟುಗಳಿದ್ದರೂ ಹೆಣೆದವು ಎಂಬ ಚಿಹ್ನೆ ಹೊತ್ತಿರುವುದು ಸಾಮಾನ್ಯ. ಕಣ್ಣಿನ ಪರೀಕ್ಷೆಯೇ ಪ್ರಮಾಣ. ವಿಎಲ್‌ಸಿ ತಂತ್ರಾಂಶದಲ್ಲಿ ಹೆಣಿಗೆ ಬಿಡಿಸುವ ಆಯ್ಕೆಯನ್ನು ನಿಲ್ಲಿಸಿ, ಅಡ್ಡಡ್ಡಲಾಗಿ ವೇಗವಾಗಿ ಚಲಿಸುವ ದೃಶ್ಯವೊಂದನ್ನು ಆರಿಸಿ, ಕೀಲಿಮಣೆಯ ‘ಇ’ ಕೀಲಿಯನ್ನು ಒತ್ತುತ್ತ ಹತ್ತು ಚೌಕಟ್ಟು ಮುಂದೆ ಸಾಗಬೇಕು. ಹತ್ತೂ ಶುದ್ಧವಾಗಿದ್ದರೆ ಅಖಂಡ ಚೌಕಟ್ಟಿನ ಚಲನಚಿತ್ರ. ಐದರಲ್ಲಿ ಮೂರು ಶುದ್ಧ, ಎರಡಕ್ಕೆ ಹಲ್ಲು ಎಂಬ ಲಯ ಕಂಡರೆ ಎನ್‌ಟಿಎಸ್‌ಸಿ ಚಲನಚಿತ್ರ. ನೆರಳು ಬೆರೆತಿದ್ದರೆ ಸಂಕರ. ಹತ್ತಕ್ಕೆ ಹತ್ತೂ ಹಲ್ಲಾಗಿದ್ದರೆ ವಿಡಿಯೊ ಕ್ಯಾಮೆರಾ ಅಥವಾ ಅರ್ಧ ಜಾರಿದ ಚಲನಚಿತ್ರ. ಅರ್ಧಚಿತ್ರಗಳನ್ನು ಬೇರ್ಪಡಿಸಿ ನೋಡಿದಾಗ ಪ್ರತಿಯೊಂದೂ ಹೊಸ ಕ್ಷಣವಾಗಿದ್ದರೆ ಮೊದಲನೆಯದು, ಎರಡೆರಡು ಒಂದೇ ಕ್ಷಣವಾಗಿದ್ದರೆ ಎರಡನೆಯದು.

ಒಂದೇ ಸ್ಥಳದ ಪರೀಕ್ಷೆ ಸಾಲದು. ಆದಿ, ಮಧ್ಯ, ಅಂತ್ಯಗಳಲ್ಲಿ ನೋಡಬೇಕು. ಚಲನಚಿತ್ರದ ಡಿಸ್ಕಿನಲ್ಲಿ ಹೆಸರುಗಳು ಓಡುವ ಭಾಗವನ್ನು ಮಾತ್ರ ವಿಡಿಯೊದಲ್ಲಿ ಸೇರಿಸಿರುವುದುಂಟು. ಸಾಕ್ಷ್ಯಚಿತ್ರದಲ್ಲಿ ಫಿಲ್ಮು, ವಿಡಿಯೊ ಎರಡೂ ಬೆರೆತಿರುತ್ತವೆ. ಅಂಥಲ್ಲಿ ಭಾಗಗಳನ್ನು ಬೇರ್ಪಡಿಸಿ ಒಂದೊಂದಕ್ಕೆ ತಕ್ಕ ಉಪಚಾರ ಮಾಡಬೇಕು.

ತಕ್ಕ ಉಪಚಾರ

ಅಖಂಡ ಚೌಕಟ್ಟಿನ ಚಲನಚಿತ್ರಕ್ಕೆ ಯಾವ ಉಪಚಾರವೂ ಬೇಡ. ‘ಸಂಸ್ಕಾರ’ (1970), ‘ಘಟಶ್ರಾದ್ಧ’ (1977)ದಂಥ ಕಪ್ಪುಬಿಳುಪಿನ ಚಿತ್ರಗಳು ಫಿಲ್ಮಿನಲ್ಲಿ ತಯಾರಾದವು. ಅಂಥ ಚಿತ್ರದ ಶುದ್ಧ ಪಾಲ್ ಡಿಸ್ಕಿಗೆ ಚಿಹ್ನೆಯನ್ನು ನಂಬಿ ಹೆಣಿಗೆ ಬಿಡಿಸುವ ಶೋಧಕವನ್ನು ಹಾಕಿದರೆ ನಿಜವಾದ ಸಾಲುಗಳನ್ನು ಅಳಿಸಿ ಊಹೆಯ ಸಾಲುಗಳನ್ನು ತುಂಬಿದಂತಾಗುತ್ತದೆ. ಮುಖದ ಸೂಕ್ಷ್ಮರೇಖೆಗಳು ಮಂಕಾಗುತ್ತವೆ. ಶುದ್ಧಪಾಠವನ್ನು ತಿದ್ದಿ ಅಪಪಾಠ ಮಾಡುವುದೆಂದರೆ ಇದೇ.

ಅರ್ಧ ಜಾರಿದ ಚಲನಚಿತ್ರಕ್ಕೆ ಬೇಕಾದದ್ದು ಜೋಡಿ ಹೊಂದಿಸುವ ಶೋಧಕ. ಎನ್‌ಟಿಎಸ್‌ಸಿ ಚಲನಚಿತ್ರಕ್ಕೆ ಜೋಡಿ ಹೊಂದಿಸಿದ ಬಳಿಕ ಐದರಲ್ಲಿ ಮರುಕಳಿಸಿದ ಒಂದು ಚೌಕಟ್ಟನ್ನು ಬಿಡುವ ಶೋಧಕ. ಉಚಿತವಾಗಿ ಸಿಗುವ ‘ಎಫ್‌ಎಫ್‌ಎಂಪೆಗ್’ ಸಾಧನದಲ್ಲಿ ‘ಫೀಲ್ಡ್‌ಮ್ಯಾಚ್’, ‘ಡೆಸಿಮೇಟ್’ ಎಂಬ ಹೆಸರಿನಿಂದ ಇವು ಇವೆ. ಇಲ್ಲಿ ಊಹೆಗೆ ಅವಕಾಶವಿಲ್ಲ; ಇರುವ ಅರ್ಧಗಳನ್ನೇ ಸರಿಯಾಗಿ ಕೂಡಿಸಲಾಗುತ್ತದೆ.

ವಿಡಿಯೊ ಕ್ಯಾಮೆರಾದ ದೃಶ್ಯಕ್ಕೆ ಮಾತ್ರ ನಿಜವಾದ ಅರ್ಥದಲ್ಲಿ ಹೆಣಿಗೆ ಬಿಡಿಸಬೇಕಾಗುತ್ತದೆ. ಇದಕ್ಕೆ ಎರಡು ದಾರಿ. ಮೊದಲ ದಾರಿಯಲ್ಲಿ ಪ್ರತಿ ಎರಡು ಅರ್ಧಗಳಿಂದ ಒಂದು ಚೌಕಟ್ಟು ಮಾಡಿ ಸೆಕೆಂಡಿಗೆ 25 ಉಳಿಸಿಕೊಳ್ಳಲಾಗುತ್ತದೆ. ಅರ್ಧದಷ್ಟು ಕ್ಷಣಗಳು ಹೋಗುತ್ತವೆ. ಎರಡನೆಯ ದಾರಿಯಲ್ಲಿ ಪ್ರತಿ ಅರ್ಧವನ್ನೂ ಒಂದು ಪೂರ್ಣ ಚೌಕಟ್ಟಾಗಿ ಬೆಳೆಸಿ ಸೆಕೆಂಡಿಗೆ 50 ಮಾಡಲಾಗುತ್ತದೆ. ಭಾಷಣದ ದೃಶ್ಯಕ್ಕೆ ಮೊದಲ ದಾರಿ ಸಾಕು. ಹೆಜ್ಜೆಗಾರಿಕೆ, ಕುಣಿತ, ಮದ್ದಳೆಯ ಮೇಲೆ ಬೆರಳುಗಳ ಓಟ ಇವುಗಳಿಗೆ ಎರಡನೆಯದೇ ಬೇಕು. ಕ್ಯಾಮೆರಾ ಹಿಡಿದ 50 ಕ್ಷಣಗಳಲ್ಲಿ 25ನ್ನು ಎಸೆದ ಮೇಲೆ ಹೆಜ್ಜೆಯ ಅಧ್ಯಯನಕ್ಕೆ ಆ ದೃಶ್ಯ ಅರ್ಧ ಪ್ರಯೋಜನದ್ದು. ಎಫ್‌ಎಫ್‌ಎಂಪೆಗ್‌ನ ‘ಬಿಡಬ್ಲ್ಯುಡಿಐಎಫ್’ ಶೋಧಕ ಈ ಕೆಲಸಕ್ಕೆ ಸಾಧಾರಣವಾಗಿ ಸಾಕಾಗುತ್ತದೆ. ‘ಅವಿಸಿಂತ್’ ಇಲ್ಲವೇ ‘ವೇಪರ್‌ಸಿಂತ್’ ಮೂಲಕ ಬಳಸುವ ‘ಕ್ಯುಟಿಜಿಎಂಸಿ’ ನಿಧಾನವಾದರೂ ಉತ್ತಮ ಫಲ ಕೊಡುತ್ತದೆ.

ಬಿಡಿಸುವ ಮುನ್ನ ಯಾವ ಅರ್ಧ ಮೊದಲು ಎಂಬುದು ಗೊತ್ತಿರಬೇಕು. ಡಿವಿಡಿಗಳಲ್ಲಿ ಮೇಲಿನ ಅರ್ಧ ಮೊದಲಿರುವುದು ಸಾಮಾನ್ಯ. ಡಿವಿ ಟೇಪಿನ ಕ್ಯಾಮೆರಾಗಳಲ್ಲಿ ಕೆಳಗಿನ ಅರ್ಧ ಮೊದಲು. ಅಂಥ ಟೇಪಿನಿಂದ ಮಾಡಿದ ಡಿವಿಡಿಯಲ್ಲಿಯೂ ಆ ಕ್ರಮವೇ ಉಳಿದಿರಬಹುದು. ತಪ್ಪಾಗಿ ಆರಿಸಿದರೆ ಚಲನೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂಬಂತೆ ನಡುಗುತ್ತದೆ. ನಾಲ್ಕೈದು ಸೆಕೆಂಡಿನ ತುಣುಕಿನಲ್ಲಿ ಎರಡೂ ರೀತಿ ಪ್ರಯತ್ನಿಸಿದರೆ ಸರಿಯಾದದ್ದು ತಾನಾಗಿ ತಿಳಿಯುತ್ತದೆ.

ಒಂದು ನಿಯಮವನ್ನು ಎಂದೂ ಮೀರಬಾರದು. ಹೆಣೆದ ದೃಶ್ಯದ ಎತ್ತರವನ್ನು ಹೆಣಿಗೆ ಬಿಡಿಸುವ ಮೊದಲು ಬದಲಿಸಕೂಡದು. ಎತ್ತರ ಬದಲಾದೊಡನೆ ಬೆಸ ಸಾಲು, ಸಮ ಸಾಲುಗಳು ಒಂದರಲ್ಲೊಂದು ಕರಗುತ್ತವೆ. ಆಮೇಲೆ ಯಾವ ಶೋಧಕವೂ ಅವನ್ನು ಬಿಡಿಸಲಾರದು. ಅಂತರ್ಜಾಲದಲ್ಲಿ ಕಾಣುವ ಹಳೆಯ ಜಾತ್ರೆಗಳ ದೃಶ್ಯಗಳಲ್ಲಿ ಅಂಚುಗಳು ಪಟ್ಟೆಪಟ್ಟೆಯಾಗಿ ಒಡೆದಿರುವುದು ಬಹುಪಾಲು ಈ ತಪ್ಪಿನಿಂದಲೇ.

ಆಕಾರ, ಅಂಚು, ಬಣ್ಣ

ಡಿವಿಡಿಯ ಬಿಂದುಗಳು ಚೌಕವಲ್ಲ. 720×576 ಎಂಬ ಒಂದೇ ಅಳತೆಯಲ್ಲಿ 4:3 ಪರದೆಯ ಚಿತ್ರವೂ ಇರಬಹುದು, 16:9 ಪರದೆಯ ಚಿತ್ರವೂ ಇರಬಹುದು, ತೋರಿಸುವಾಗ ಹಿಗ್ಗಿಸಬೇಕು. ಎತ್ತರ ಹಾಗೆಯೇ ಇಟ್ಟು ಅಗಲ ಬದಲಿಸುವುದು ಸುರಕ್ಷಿತ. ಪಾಲ್‌ನಲ್ಲಿ 4:3ಕ್ಕೆ 768×576, 16:9ಕ್ಕೆ 1024×576. ಎನ್‌ಟಿಎಸ್‌ಸಿಯಲ್ಲಿ ಕ್ರಮವಾಗಿ 640×480 ಮತ್ತು 854×480. ಈ ಲೆಕ್ಕ ಸರಿಯಾಗಿದೆಯೇ ಎಂದು ನೋಡಲು ದೃಶ್ಯದಲ್ಲಿರುವ ಗಾಲಿ, ಗಡಿಯಾರ, ತಾಳಗಳನ್ನು ಗಮನಿಸಬೇಕು. ಅವು ದುಂಡಗೆ ಕಾಣಬೇಕು.

ಹಳೆಯ 4:3 ದೃಶ್ಯವನ್ನು ಈಗಿನ ಅಗಲ ಪರದೆಗೆ ತುಂಬಿಸುವ ಹಟ ಬೇಡ. ಹಿಗ್ಗಿಸಿದರೆ ಜನ ಗಿಡ್ಡರಾಗಿ ಕಾಣುತ್ತಾರೆ. ಕತ್ತರಿಸಿ ತುಂಬಿಸಿದರೆ ಎತ್ತರದ ನಾಲ್ಕನೆಯ ಒಂದು ಭಾಗ ಹೋಗುತ್ತದೆ. ವೇಷದ ಕಿರೀಟವೋ ಹೆಜ್ಜೆಯೋ ಎರಡರಲ್ಲಿ ಒಂದು ಇಲ್ಲವಾಗುತ್ತದೆ. ಎರಡು ಬದಿಗೆ ಕಪ್ಪು ಪಟ್ಟಿ ಬಿಡುವುದೇ ಪ್ರಾಮಾಣಿಕ ಕ್ರಮ. ಮೂಲದ ಅಂಚಿನಲ್ಲಿಯೇ ಇರುವ ನಾಲ್ಕಾರು ಬಿಂದುಗಳ ಕಪ್ಪು ಅಥವಾ ಕೆಳತುದಿಯ ಕಲಸಿದ ಸಾಲುಗಳನ್ನು ಹೆಣಿಗೆ ಬಿಡಿಸಿದ ಬಳಿಕ ಕತ್ತರಿಸಬಹುದು.

ಬಣ್ಣದ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಡಿವಿಡಿಯಲ್ಲಿ ಕಪ್ಪು 16ರಿಂದ ಆರಂಭವಾಗಿ ಬಿಳಿ 235ಕ್ಕೆ ಮುಗಿಯುತ್ತದೆ. ಗಣಕದ ಪರದೆಯಲ್ಲಿ 0ರಿಂದ 255. ಪರಿವರ್ತನೆ ಎರಡು ಬಾರಿ ಆದರೆ ನೆರಳುಗಳು ಮುಳುಗುತ್ತವೆ. ಆಗದೇ ಇದ್ದರೆ ಚಿತ್ರ ಮಸುಕಾಗುತ್ತದೆ. ಎರಡನೆಯದಾಗಿ, ಡಿವಿಡಿಯ ಬಣ್ಣದ ಸೂತ್ರ ‘ಬಿಟಿ 601’, ಹೈಡೆಫಿನಿಷನ್ನಿನದು ‘ಬಿಟಿ 709’. ಒಂದನ್ನು ಇನ್ನೊಂದೆಂದು ತಿಳಿದರೆ ಚರ್ಮದ ಬಣ್ಣವೂ ಕುಂಕುಮದ ಕೆಂಪೂ ತುಸು ಸರಿಯುತ್ತವೆ. ಕಡತಕ್ಕೆ ಸರಿಯಾದ ಹೆಸರುಪಟ್ಟಿ ಹಚ್ಚಿದರೆ ಈ ತೊಂದರೆ ಬರುವುದಿಲ್ಲ.

ಇನ್ನು ‘ಸ್ವಚ್ಛಗೊಳಿಸುವ’ ಆಸೆ. ಡಿವಿಡಿ ದೃಶ್ಯವನ್ನು ಸಿದ್ಧಪಡಿಸುವ ಸಲಹೆಗಳಲ್ಲಿ ಹಲವು ವ್ಯಂಗ್ಯಚಲನಚಿತ್ರಗಳನ್ನು ಕಣ್ಣೆದುರು ಇಟ್ಟುಕೊಂಡು ಹುಟ್ಟಿದವು. ಅಲ್ಲಿ ಬಣ್ಣ ಸಮತಟ್ಟು, ರೇಖೆ ಸ್ಪಷ್ಟ, ಒಂದೇ ಚಿತ್ರ ಎರಡು ಮೂರು ಚೌಕಟ್ಟು ನಿಲ್ಲುತ್ತದೆ. ಕಣಗಳನ್ನು ಬಲವಾಗಿ ಒರೆಸಿದರೂ ರೇಖೆ ಉಳಿಯುತ್ತದೆ. ನಿಜವಾದ ಮನುಷ್ಯರ ದೃಶ್ಯ ಹಾಗಲ್ಲ. ಫಿಲ್ಮಿನ ಕಣದೊಡನೆ ಮುಖದ ಸುಕ್ಕು, ನೂಲಿನ ನೇಯ್ಗೆ, ಬೆವರ ಹನಿ ಎಲ್ಲವೂ ಒರೆಸಿಹೋಗಿ ಪಾತ್ರಗಳು ಮೇಣದ ಬೊಂಬೆಗಳಂತಾಗುತ್ತವೆ. ಅಗತ್ಯವಿದ್ದರೆ ಬಹಳ ಹಗುರವಾಗಿ ಮಾಡಬೇಕು. ಅಗತ್ಯವಿದೆಯೇ ಎಂಬ ಅನುಮಾನ ಬಂದರೆ ಬಿಟ್ಟುಬಿಡಬೇಕು.

ಧ್ವನಿ

ಡಿವಿಡಿಯ ಧ್ವನಿ ಸೆಕೆಂಡಿಗೆ 48,000 ಮಾದರಿಗಳದು. ಸಂಕಲನದ ಯೋಜನೆಯನ್ನೂ ಅದೇ ಅಳತೆಯಲ್ಲಿ ಇಡಬೇಕು. ಎಸಿ-3 ರೂಪದ ಧ್ವನಿಯನ್ನು ಸಂಕ್ಷೇಪಿಸದ ವೇವ್ ಕಡತವಾಗಿ ಬಿಡಿಸಿಕೊಂಡರೆ ಕತ್ತರಿಸುವಾಗ ತೊಂದರೆಯಿಲ್ಲ. ಪಾಲ್ ಚಲನಚಿತ್ರದ 4 ಶೇಕಡ ವೇಗ ಧ್ವನಿಗೂ ತಗಲಿರುತ್ತದೆ. ಡಿಸ್ಕು ತಯಾರಿಸುವಾಗ ಸರಿಪಡಿಸದಿದ್ದರೆ ಶ್ರುತಿ ಏರುತ್ತದೆ. ಹಾರ್ಮೋನಿಯಮ್ಮಿನಲ್ಲಿ ಬಿಳಿ ಒಂದರಿಂದ ಕರಿ ಒಂದಕ್ಕೆ ಇರುವ ಅಂತರದ ಮುಕ್ಕಾಲಿಗೆ ತುಸು ಕಡಿಮೆ ಎನ್ನುವಷ್ಟು ಈ ಏರಿಕೆ. ಸಂಭಾಷಣೆಯಲ್ಲಿ ಅದು ಗಮನಕ್ಕೆ ಬಾರದು, ಹಾಡಿನಲ್ಲಿ ಬರುತ್ತದೆ. ಚಿತ್ರ, ಧ್ವನಿ ಎರಡನ್ನೂ ಒಟ್ಟಿಗೆ 24ಕ್ಕೆ ಇಳಿಸಿದರೆ ಕಾಲವೂ ಶ್ರುತಿಯೂ ಸ್ವಸ್ಥಾನಕ್ಕೆ ಮರಳುತ್ತವೆ.

ಕೆಲಸದ ಪ್ರತಿ

ಇಷ್ಟಾದ ಮೇಲೆ ಸಿದ್ಧಗೊಂಡ ದೃಶ್ಯವನ್ನು ಸಂಕಲನಕ್ಕೆ ಒಗ್ಗುವ ರೂಪದಲ್ಲಿ ಬರೆಯಬೇಕು. ಪ್ರತಿ ಚೌಕಟ್ಟೂ ಸ್ವತಂತ್ರವಾಗಿ ಪೂರ್ಣವಾಗಿರುವ ರೂಪ ಬೇಕು. ಇಲ್ಲಿ ‘ಸದರಿ’ಗೆ ಅವಕಾಶವಿಲ್ಲ. ‘ಎಫ್‌ಎಫ್‌ವಿ1’, ‘ಯುಟಿ ವಿಡಿಯೊ’ಗಳು ಒಂದು ಬಿಂದುವನ್ನೂ ಕಳೆಯದ ರೂಪಗಳು. ‘ಪ್ರೊರೆಸ್’, ‘ಡಿಎನ್‌ಎಕ್ಸ್‌ಎಚ್‌ಆರ್’ಗಳಲ್ಲಿ ನಷ್ಟ ಕಣ್ಣಿಗೆ ಕಾಣದಷ್ಟು ಅಲ್ಪ. ಬಳಸುವ ಸಂಕಲನ ತಂತ್ರಾಂಶ ಯಾವುದನ್ನು ಓದುತ್ತದೆಯೋ ಅದನ್ನು ಆರಿಸಬೇಕು. ಪಾಲ್ ಅಳತೆಯ 25 ಚೌಕಟ್ಟಿನ ದೃಶ್ಯ ಪ್ರೊರೆಸ್ 422ರಲ್ಲಿ ಗಂಟೆಗೆ ಸುಮಾರು 18 ಜಿಬಿ ಆಗುತ್ತದೆ. 50 ಚೌಕಟ್ಟಿನದಕ್ಕೆ ಸುಮಾರು ಅದರ ಇಮ್ಮಡಿ. ಮೂರು ನಿಮಿಷದ ತುಣುಕು ಬೇಕಿದ್ದರೆ ಮೂರು ಗಂಟೆಯ ಚಿತ್ರವನ್ನೆಲ್ಲ ಪರಿವರ್ತಿಸಬೇಕಿಲ್ಲ. ಬೇಕಾದ ಭಾಗಕ್ಕೆ ಹಿಂದೆ ಮುಂದೆ ಹತ್ತು ಸೆಕೆಂಡು ಸೇರಿಸಿ ತೆಗೆದುಕೊಂಡರೆ ಸಾಕು. ಸಂಕಲನದ ಯೋಜನೆಯ ವೇಗವೂ ತುಣುಕಿನ ವೇಗವೂ ಒಂದೇ ಇರಬೇಕು. 24ರ ಚಿತ್ರವನ್ನು 30ರ ಯೋಜನೆಗೆ ಹಾಕಿದರೆ ಬಿಡಿಸಿದ ತೊಡಕು ಬೇರೆ ರೂಪದಲ್ಲಿ ಮರಳುತ್ತದೆ.

ಕಡತದ ಜೊತೆಗೆ ಒಂದು ಚಿಕ್ಕ ಬರಹವೂ ಇರಬೇಕು. ಯಾವ ಡಿಸ್ಕು, ಪಾಲೋ ಎನ್‌ಟಿಎಸ್‌ಸಿಯೋ, ಮೂಲ ಯಾವ ಬಗೆ, ಯಾವ ಶೋಧಕ, ಏನು ಕತ್ತರಿಸಿತು ಎಂಬ ಐದಾರು ಸಾಲು. ಗ್ರಂಥಸಂಪಾದನೆಯಲ್ಲಿ ಪ್ರತಿಗಳ ವಿವರಣೆ ಮಾಡುವ ಕೆಲಸವನ್ನೇ ಇದು ಮಾಡುತ್ತದೆ.

ಹಕ್ಕಿನ ಮಾತು

ಮಾರುಕಟ್ಟೆಯ ಚಲನಚಿತ್ರ ಡಿಸ್ಕುಗಳಿಗೆ ಗೂಢಲಿಪಿಯ ಬೀಗವಿರುವುದು ಸಾಮಾನ್ಯ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಮುರಿಯುವುದು ಅಪರಾಧ. ಅದೇ ಕಾಯಿದೆಯ 52ನೆಯ ಕಲಮು ಸಂಶೋಧನೆ, ವಿಮರ್ಶೆ, ಬೋಧನೆಗಳಿಗೆ ನ್ಯಾಯಯುತ ಬಳಕೆಯ ಅವಕಾಶ ಕೊಡುತ್ತದೆ. ತರಗತಿಯ ಪ್ರಬಂಧಕ್ಕೆ ಎರಡು ನಿಮಿಷದ ತುಣುಕು ಒಂದು ಮಾತು. ಅದನ್ನೇ ಅಂತರ್ಜಾಲಕ್ಕೆ ಏರಿಸುವುದು ಬೇರೆ ಮಾತು. ಜನಪದ ಕಲಾವಿದರ ದೃಶ್ಯಗಳಲ್ಲಿಯೂ ಎಚ್ಚರ ಬೇಕು. ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆಯೆಂದು 38ನೆಯ ಕಲಮು ಹೇಳುತ್ತದೆ. ಅವರ ಅಥವಾ ಮನೆಯವರ ಒಪ್ಪಿಗೆ ಪಡೆದು, ಹೆಸರು ನಮೂದಿಸುವುದು ಕಾಯಿದೆಗೂ ಸೌಜನ್ಯಕ್ಕೂ ಸಲ್ಲುವ ಕ್ರಮ.

ಒಟ್ಟಿನಲ್ಲಿ ಅನುಕ್ರಮ ಇಷ್ಟು: ಯಥಾಪ್ರತಿ, ಪರೀಕ್ಷೆ, ಮೂಲಕ್ಕೆ ತಕ್ಕ ಉಪಚಾರ, ಆಕಾರ ಮತ್ತು ಬಣ್ಣ, ಕೆಲಸದ ಪ್ರತಿ, ವಿವರಣೆ. ಇವುಗಳಲ್ಲಿ ಮೊದಲ ಎರಡನ್ನು ಇಂದೇ ಮಾಡಬಹುದು, ಉಳಿದವಕ್ಕೆ ಕಾಲಾವಕಾಶವಿದೆ. ಮುಂದೆ ಇನ್ನೂ ಉತ್ತಮ ಶೋಧಕಗಳು ಬರುತ್ತವೆ. ಆಗ ಅವುಗಳಿಗೆ ಒಪ್ಪಿಸಲು ಬದಲಾಗದ ಯಥಾಪ್ರತಿ ಉಳಿದಿರಬೇಕು. ಮನೆಯ ಪೆಟ್ಟಿಗೆಯಲ್ಲಿಯೋ ಊರಿನ ಸಂಘದ ಕಪಾಟಿನಲ್ಲಿಯೋ ನೇರಳೆ ಬಣ್ಣದ ಡಿಸ್ಕುಗಳಿದ್ದರೆ ವಿದ್ಯಾರ್ಥಿಗಳು ಈ ರಜೆಯಲ್ಲಿಯೇ ಅವುಗಳ ಯಥಾಪ್ರತಿ ತೆಗೆದಿಡುವುದು ಒಳಿತು.